ರಿಂಗು ಎಲ್ಲಿಂದ ಎಸೆಯಬೇಕು?

ಸಂಪಾದಕರಿಗೆ ನಮಸ್ಕಾರ,

ಯಶಸ್ವಿ ಉದ್ಯಮಿಗಳ ಗುಣಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ನನ್ನ ಮಗಳು ಕತ್ತರಿಸಿ, ಪ್ರೆಸ್ಸಿನ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಧೈರ್ಯ, ದೊಡ್ಡ ಕನಸು, ಛಲ, ನಾಯಕತ್ವ ಅಂತ ಒಟ್ಟು 10 ಗುಣ. ಪ್ರೆಸ್ ಅಂದರೆ ಮುದ್ರಣದ್ದಲ್ಲ, ಅಡಿಕೆ ಹಾಳೆ ತಟ್ಟೆ ಒತ್ತುವ ಮೆಷಿನು. ಎರಡು ದಿನ ತಟ್ಟೆ ಒತ್ತುತ್ತಾ ಅದನ್ನೇ ಓದಿದೆ. ನನ್ನಲ್ಲಿ ಎಷ್ಟು ಇವೆ ಎಂದು ಎಣಿಸಿದರೆ ಮೂರರ ಮೇಲೆ ಹೋಗಲಿಲ್ಲ. ಆದರೂ 2014ರಿಂದ ಈ ಕೆಲಸದಲ್ಲೇ ಮನೆ ನಡೆದಿದೆ. ಹಾಗಾಗಿ ಒಂದೆರಡು ಮಾತು ಬರೆಯೋಣ ಅನಿಸಿತು.

ಮೊದಲಿಗೆ ಆ 'ರಿಸ್ಕ್ ತೆಗೆದುಕೊಳ್ಳುವ ಧೈರ್ಯ' ಅನ್ನುವ ಗುಣ. ಸ್ವಂತ ಉದ್ಯೋಗ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ಸಾಲ ಸಿಗಬೇಕಾದರೆ ತರಬೇತಿ ಆಗಿರಬೇಕಿತ್ತು. ಅದಕ್ಕಾಗಿ ನಾನು ಉಜಿರೆಯ ರುಡ್‌ಸೆಟ್ ಸಂಸ್ಥೆಗೆ ಹೋಗಿದ್ದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕಿನ ಜೊತೆ 1982ರಲ್ಲಿ ಶುರುವಾದ ಸಂಸ್ಥೆ ಅದು. ಊಟ, ವಸತಿ, ಪಾಠ ಎಲ್ಲ ಉಚಿತ. ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಅಂತ ಸ್ವಉದ್ಯೋಗ ತರಬೇತಿ ಕೇಂದ್ರಗಳು ಇವೆಯಲ್ಲ, ಅವಕ್ಕೆಲ್ಲ ಇದೇ ಮಾದರಿ.

ಅಲ್ಲಿ ಒಂದು ದಿನ ರಿಂಗ್ ಆಟ ಆಡಿಸಿದರು. ಒಂದು ಗೂಟ, ಅದರ ಎದುರಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು. ಗೂಟಕ್ಕೆ ಬೀಳುವಂತೆ ರಿಂಗು ಎಸೆಯಬೇಕು, ದೂರ ನಿಂತಷ್ಟೂ ಅಂಕ ಜಾಸ್ತಿ. ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಇಷ್ಟ. ನಾನು ಮರ್ಯಾದೆ ಉಳಿಸಿಕೊಳ್ಳಲು ಗೂಟದ ಹತ್ತಿರವೇ ನಿಂತೆ. ಮೂರು ರಿಂಗೂ ಬಿತ್ತು, ಅಂಕ ಮಾತ್ರ ಏನೂ ಇಲ್ಲ. ಮೊಬೈಲ್ ರಿಪೇರಿ ಅಂಗಡಿ ಇಡಬೇಕೆಂದಿದ್ದ ಹುಡುಗನೊಬ್ಬ ಕೊನೆಯ ಗೆರೆಗೇ ಹೋಗಿ ನಿಂತ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಒಂದೂ ಬೀಳಲಿಲ್ಲ. ಆಮೇಲೆ ಬಂದವಳು ಹೊಲಿಗೆ ಕೆಲಸದವಳು, ಮಾತೇ ಕಡಿಮೆ. ನಡುವಿನ ಗೆರೆಯಿಂದ ಎಸೆದಳು, ತಪ್ಪಿತು. ಒಂದು ಹೆಜ್ಜೆ ಮುಂದೆ ಬಂದು ಎಸೆದಳು, ಬಿತ್ತು. ಮತ್ತೆ ಒಂದು ಹೆಜ್ಜೆ ಹಿಂದೆ ಹೋದಳು.

ಮೇಷ್ಟ್ರು ಕೇಳಿದ್ದು ಇಷ್ಟೇ: "ನಿಮ್ಮ ಕೈಯಲ್ಲಿ ಸಾಲ ಕೊಡುವ ಹಣ ಇದ್ದರೆ, ಈ ಮೂವರಲ್ಲಿ ಯಾರಿಗೆ ಕೊಡ್ತೀರಿ?"

ಈ ಆಟದ ಹಿಂದಿನ ವಿಚಾರ ಡೇವಿಡ್ ಮೆಕ್‌ಕ್ಲೆಲೆಂಡ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರದ್ದು ಎಂದು ಆಮೇಲೆ ತಿಳಿಯಿತು. 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ, ಉದ್ಯಮಿಯ ಸ್ವಭಾವವನ್ನು ಕಲಿಸಬಹುದೇ ಎಂದು ಪರೀಕ್ಷೆ ಮಾಡಿದ್ದರಂತೆ. ಅವರು ಕಂಡುಕೊಂಡದ್ದೂ ಇದನ್ನೇ. ಏನಾದರೂ ಸಾಧಿಸಬೇಕೆಂಬ ಹಂಬಲ ಇರುವವರು ತೀರಾ ಹತ್ತಿರವೂ ನಿಲ್ಲುವುದಿಲ್ಲ, ತೀರಾ ದೂರವೂ ಹೋಗುವುದಿಲ್ಲ. ನಿಮ್ಮ ಲೇಖನದಲ್ಲಿ ಮಾತ್ರ ಕೊನೆಯ ಗೆರೆಗೆ ಹೋಗಿ ನಿಂತವನಿಗೇ ಚಪ್ಪಾಳೆ ಬಿದ್ದಿದೆ.

ನನ್ನ ಯೋಜನೆ 3 ಲಕ್ಷದ್ದು. ಹಳ್ಳಿಯ ಹೆಂಗಸರಿಗೆ 35 ಪರ್ಸೆಂಟ್ ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು 5 ಪರ್ಸೆಂಟ್, ಅಂದರೆ 15,000. "ನಿಂಗೆ 1 ಲಕ್ಷ ಪುಕ್ಕಟೆ ಸಿಕ್ತಲ್ಲ" ಎಂದು ನೆಂಟರು ಈಗಲೂ ಹೇಳುತ್ತಾರೆ. ಆ ಹಣ ಕೈಗೆ ಬರುವುದಿಲ್ಲ ಮಾರಾಯ್ರೆ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆ. ಅಲ್ಲಿಯವರೆಗೆ ಕಂತು ಕಟ್ಟುವುದು ನಮ್ಮ ತಲೆನೋವು.

ಈಗ ಲೆಕ್ಕದ ಮಾತು. ನಾನು ಶುರು ಮಾಡಿದಾಗ ಸುತ್ತಮುತ್ತ 12 ಇಂಚಿನ ತಟ್ಟೆ 3 ರೂಪಾಯಿಗೆ ಹೋಗುತ್ತಿತ್ತು. ನಾನೂ ಸುಮ್ನೆ ಅದೇ ದರ ಹಿಡಿದೆ. ವ್ಯಾಪಾರ ಚೆನ್ನಾಗಿತ್ತು. ಭೂತದ ನೇಮ, ದೇವಸ್ಥಾನದ ಬ್ರಹ್ಮಕಲಶ, ಮದುವೆ ಅಂತ ಒಂದರ ಹಿಂದೆ ಒಂದು ಆರ್ಡರ್. ಆದರೆ ತಿಂಗಳ ಕೊನೆಗೆ ಕಂತಿಗೆ ಗಂಡನ ಹತ್ತಿರ ಕೇಳಬೇಕಾಗುತ್ತಿತ್ತು. ಯಾಕೆ ಅಂತ ತಿಳಿಯದೆ ಒಂದು ರಾತ್ರಿ ಮಗಳ ಹಳೇ ನೋಟ್‌ಬುಕ್ ಹಿಡಿದು ಕೂತೆ. ಒಂದು ತಟ್ಟೆಗೆ ಹಾಳೆ 1 ರೂಪಾಯಿ 20 ಪೈಸೆ. ತರುವುದು, ತೊಳೆಯುವುದು 25 ಪೈಸೆ. ಒತ್ತುವವಳ ಕೂಲಿ 60. ಕರೆಂಟು 35. ಪ್ಯಾಕಿಂಗ್ 15. ಒಡೆದು ಹೋಗುವುದಕ್ಕೆ 20. ಕೂಡಿಸಿದರೆ 2 ರೂಪಾಯಿ 75 ಪೈಸೆ. ಉಳಿಯುವುದು ನಾಲ್ಕಾಣೆ! ದಿನಕ್ಕೆ 600 ತಟ್ಟೆಯಂತೆ 25 ದಿನ ಒತ್ತಿದರೆ 3,750 ರೂಪಾಯಿ. ಬ್ಯಾಂಕಿನ ಕಂತು 5,100. ಬೆಳಗ್ಗೆ ಆರಕ್ಕೆ ಎದ್ದು ಹಾಳೆ ನೆನೆಸುವ ನನ್ನ ಕೂಲಿ ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ದರ 3 ರೂಪಾಯಿ 40 ಪೈಸೆ ಮಾಡಿದೆ. ಎರಡು ಅಂಗಡಿಯವರು ಬಿಟ್ಟು ಹೋದರು, ಒಬ್ಬರು ಎರಡು ತಿಂಗಳಲ್ಲಿ ವಾಪಸ್ ಬಂದರು. ಈ ಲೆಕ್ಕ ಹಾಕಲು ಎಂಬಿಎ ಬೇಡ. ಆದರೆ ನನ್ನ ಕೂಲಿಯನ್ನು ಖರ್ಚಿನಲ್ಲಿ ಬರೆಯಲು ನನಗೇ ನಾಚಿಕೆಯಾಗಿತ್ತು. ಮನೆಯ ಹೆಂಗಸಿನ ಕೆಲಸಕ್ಕೆ ಯಾರು ಲೆಕ್ಕ ಇಡುತ್ತಾರೆ, ಅಲ್ವಾ?

ತಪ್ಪುಗಳನ್ನೂ ಹೇಳುತ್ತೇನೆ. ಹಾಳೆ ಸಿಗುವುದು ಬೇಸಗೆಯಲ್ಲಿ, ಮಳೆಗಾಲಕ್ಕೂ ಆಗಲೇ ಕೂಡಿಡಬೇಕು. ಮೊದಲ ವರ್ಷ 8,000 ಹಾಳೆಯನ್ನು ಗಾಳಿಯಾಡದ ಕೋಣೆಯಲ್ಲಿ ಒತ್ತೊತ್ತಾಗಿ ಪೇರಿಸಿಟ್ಟೆ. ಜುಲೈಯಲ್ಲಿ ಬಾಗಿಲು ತೆರೆದರೆ ಅರ್ಧಕ್ಕರ್ಧ ಬೂಷ್ಟು. ಬಚ್ಚಲ ಒಲೆಗೆ ಸೌದೆಯಾಯಿತು. ಈಗ ಚೆನ್ನಾಗಿ ಒಣಗಿಸಿ ಅಟ್ಟದ ಮೇಲೆ ಇಡುತ್ತೇನೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಾದ್ಯಂತ ನಿಷೇಧ ಬಂತು. ನಮಗೆ ಶುಕ್ರದೆಸೆ. ಮರುವರ್ಷ ರಫ್ತಿನವರ ಏಜೆಂಟ್ ಒಬ್ಬರು ಮನೆಗೇ ಬಂದರು. ಮಾಡಿದ್ದಷ್ಟನ್ನೂ ತಮಗೇ ಕೊಡಿ, ದರವೂ ಜಾಸ್ತಿ ಅಂದರು. ನಾನು ಅರ್ಧ ಕೊಡುತ್ತೇನೆ ಅಂದೆ. ಅದು ಜಾಣತನ ಅಲ್ಲ, ಬ್ರಹ್ಮಕಲಶದವರಿಗೆ ಮಾತು ಕೊಟ್ಟಿದ್ದೆ, ಅಷ್ಟೇ. ಪಕ್ಕದ ಊರಿನ ಒಬ್ಬರು ಸಾಲ ಮಾಡಿ ಇನ್ನೂ ಮೂರು ಮೆಷಿನು ಹಾಕಿ ಪೂರ್ತಿ ಅವರಿಗೇ ಕೊಟ್ಟರು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ರಾಸಾಯನಿಕ ಊಟಕ್ಕೆ ಇಳಿಯಬಹುದು ಎಂದು ಹೇಳಿ ಆಮದಿಗೆ ತಡೆ ಹಾಕಿತು. ಏಜೆಂಟರ ಫೋನು ನಿಂತಿತು. ನನ್ನ ಅರ್ಧ ವ್ಯಾಪಾರ ಹೋಯಿತು, ಅವರದ್ದು ಪೂರ್ತಿ.

ಅವರೇನು ದಡ್ಡರಲ್ಲ. ನನಗಿಂತ ಜಾಸ್ತಿ ದುಡಿಯುವವರು. ನಿಮ್ಮ 10 ಗುಣಗಳಲ್ಲಿ 9 ಅವರಲ್ಲಿವೆ. ಈಗ ಎರಡು ಮೆಷಿನು ಮಾರಿ, ಉಳಿದವುಗಳಲ್ಲಿ ಊರಿನ ಆರ್ಡರ್ ಒತ್ತುತ್ತಿದ್ದಾರೆ. ಇಂಥವರ ಬಗ್ಗೆ ಪುರವಣಿಯಲ್ಲಿ ಯಾರೂ ಬರೆಯುವುದಿಲ್ಲ. ಗೆದ್ದವರನ್ನು ಮಾತ್ರ ಕೇಳಿ ಗುಣಗಳ ಪಟ್ಟಿ ಮಾಡಿದರೆ, ಅದೇ ಗುಣ ಇದ್ದೂ ಸೋತವರು ಲೆಕ್ಕಕ್ಕೆ ಸಿಗುವುದೇ ಇಲ್ಲ. ಇದು ನನ್ನ ತಕರಾರು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಗುಣ ಒಂದಿದೆ. ಕೊಟ್ಟದ್ದನ್ನು ವಾಪಸ್ ಕೇಳುವುದು. ಅಡುಗೆ ಕಾಂಟ್ರಾಕ್ಟಿನವರೊಬ್ಬರು ನನಗೆ 22,500 ರೂಪಾಯಿ ಕೊಡಬೇಕು. ಎರಡು ವರ್ಷ ಆಯಿತು. ಫೋನ್ ಮಾಡಿದರೆ "ಅಕ್ಕಾ, ಈ ಸೀಸನ್ ಮುಗೀಲಿ" ಅನ್ನುತ್ತಾರೆ. ಸೀಸನ್ ಮುಗಿದ ಮೇಲೆ "ಅಕ್ಕಾ, ಸೀಸನ್ ಶುರುವಾಗಲಿ". ಕಾನೂನು ನಮ್ಮ ಕಡೆಗೇ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಗಳಿಂದ ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಸಣ್ಣ ಘಟಕಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಅದು ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನನ್ನ ನೋಂದಣಿ ಆಗಿದೆ. ದೂರು ಕೊಟ್ಟಿಲ್ಲ. ಕೊಟ್ಟರೆ ಅವರ ಜೊತೆಗೆ ಇನ್ನೂ ನಾಲ್ಕು ಅಡುಗೆಯವರು ನಮ್ಮ ಅಂಗಳಕ್ಕೆ ಬರುವುದಿಲ್ಲ. ಇದನ್ನು ಧೈರ್ಯ ಇಲ್ಲ ಅನ್ನುತ್ತೀರೋ, ಲೆಕ್ಕಾಚಾರ ಅನ್ನುತ್ತೀರೋ, ನಿಮಗೆ ಬಿಟ್ಟದ್ದು. ಹೊಸ ಗಿರಾಕಿಗೆ ಮಾತ್ರ ಅರ್ಧ ಹಣ ಮೊದಲೇ ಕೊಡದಿದ್ದರೆ ತಟ್ಟೆ ಕಟ್ಟುವುದಿಲ್ಲ.

ಒಂದು ಕೋರಿಕೆ. ಮುಂದಿನ ಸಲ ಉದ್ಯಮಿಗಳ ಸಂದರ್ಶನ ಮಾಡುವಾಗ ಅವರ ಕನಸು ಏನು ಎಂದು ಕೇಳುವ ಮೊದಲು ಅವರ ಬಾಕಿ ಪುಸ್ತಕ ತರಿಸಿ ನೋಡಿ. ಎಷ್ಟು ದುಡ್ಡು ಹೊರಗಿದೆ, ಒಂದು ವಸ್ತು ಮಾಡಲು ಎಷ್ಟು ಬೀಳುತ್ತದೆ, ಅದರಲ್ಲಿ ಅವರ ಸ್ವಂತ ಕೂಲಿ ಸೇರಿದೆಯೋ ಇಲ್ಲವೋ ಬರೆಯಿರಿ. ಮಗಳಿಗೆ ಅದನ್ನೂ ಗೋಡೆಗೆ ಅಂಟಿಸಲು ಹೇಳುತ್ತೇನೆ, ಜಾಗ ಇದೆ.

ಈ ಪತ್ರ ಹಾಕುವುದಾದರೆ ನನ್ನ ಹೆಸರು ಹಾಕಬೇಡಿ. ಆ ಅಡುಗೆ ಕಾಂಟ್ರಾಕ್ಟಿನವರ ಮನೆಗೂ ನಿಮ್ಮದೇ ಪತ್ರಿಕೆ ಬರುತ್ತದೆ.

– ಹಾಳೆ ತಟ್ಟೆ ಮಾಡುವ ಓದುಗಿ, ಬೆಳ್ತಂಗಡಿ ತಾಲೂಕು