ಜೋಳದ ಹಕ್ಕಿಯ ತವರು

ಅಲ್ಮಾಟಿ, ಕಜಕಿಸ್ತಾನ

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಪರೀಕ್ಷೆ ಮುಗಿಯಿತು. ಊಟದ ಚಿಂತೆ ಬೇಡ, ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಇನ್ನೂ ಇದೆ. ಇವತ್ತು ಬರೆಯುತ್ತಿರುವುದು ನಮ್ಮ ಸರ್ ವಿಷಯ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ.

ಹಿಂಗಾರಿ ಜೋಳ ಹಾಲುಗಾಳಾದಾಗ ಹಿಂಡುಹಿಂಡಾಗಿ ಬಂದು ಮುಕ್ಕುವ ಹಕ್ಕಿ ಗೊತ್ತಲ್ಲ? ಅಪ್ಪ ಕವಣೆ ಬೀಸಿ, ನಾವು ಡಬ್ಬಿ ಬಾರಿಸಿ ಓಡಿಸುತ್ತಿದ್ದೆವು. ಅದು ಗುಲಾಬಿ ಕಬ್ಬಕ್ಕಿ ಎಂದು ಹೇಳಿಕೊಟ್ಟವರು ಸರ್. ಬದುವಿನ ಮೇಲೆ ಕೂರಿಸಿ ತಮ್ಮ ದುರ್ಬೀನು ಕೊಟ್ಟರು. ಅದರ ಪಟ್ಟಿ ಹರಿದು ಸೈಕಲ್ ಟ್ಯೂಬ್ ಕಟ್ಟಿದ್ದರು. "ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ಮೊದಲು ನೋಡು, ಆಮೇಲೆ ಓಡಿಸು" ಎಂದರು. ಜೊತೆಗಿದ್ದ ಮಬ್ಬು ಕಂದು ಹಕ್ಕಿಗಳು ಆ ವರ್ಷದ ಮರಿಗಳು ಎಂದೂ ತೋರಿಸಿದರು.

ನನಗೆ ಇಲ್ಲಿ ಸೀಟು ಸಿಕ್ಕಾಗ ಎಲ್ಲರೂ ಫೀಸು, ಚಳಿ ಎಂದು ಮಾತಾಡಿದರು. ಸರ್ ಮಾತ್ರ ಹಿಗ್ಗಿಹೋದರು. "ಅದು ಗೂಡು ಕಟ್ಟೋ ದೇಶಕ್ಕೇ ಹೊಂಟೀಯಲ್ಲೋ! ಮೇ, ಜೂನ್‌ನಾಗ ಕಲ್ಲುರಾಶಿ ಇದ್ದಲ್ಲಿ ಹುಡುಕು" ಎಂದಿದ್ದರು.

ಮೊನ್ನೆ ನೋಡಿದೆ ಅವ್ವ. ಇಲ್ಲಿಂದ ಉತ್ತರಕ್ಕೆ, ಇಲಿ ನದಿಯ ಕಡೆ, ಮರವೇ ಇಲ್ಲದ ಹುಲ್ಲುಬಯಲು. ರಸ್ತೆ ಪಕ್ಕ ಸುರಿದ ಕಲ್ಲುಗುಡ್ಡೆಯ ಸಂದುಸಂದಿನಲ್ಲೂ ಗೂಡು. ಸಂತೆಯಂಥ ಗದ್ದಲ. ಗೂಡಿನ ಹತ್ತಿರ ಹೋಗಬಾರದು ಎಂದು ಸರ್ ಕಲಿಸಿದ್ದರಲ್ಲ, ದೂರದಲ್ಲೇ ನಿಂತೆ. ಒಂದು ಹಕ್ಕಿ ಮಿಡತೆ ಕಚ್ಚಿಕೊಂಡು ಬಂತು. ಮಿಡತೆಯ ಹಿಂಗಾಲು ಇನ್ನೂ ಒದೆಯುತ್ತಿತ್ತು. ಹಕ್ಕಿ ಸಂದಿಯೊಳಗೆ ತಲೆ ತೂರಿಸಿತು. ಒಳಗೆ ಮರಿಗಳ ಕಿರುಚಾಟ. ಬರಿಗೊಕ್ಕಿನಲ್ಲಿ ಹೊರಬಂದು ಮತ್ತೆ ಹಾರಿಹೋಯಿತು. ಇಲ್ಲಿ ಮಿಡತೆ ಕಾಟ ಜಾಸ್ತಿ. ನಾವು ಬೈದು ಓಡಿಸುವ ಹಕ್ಕಿಯೇ ಇಲ್ಲಿನ ಬೆಳೆ ಕಾಯುತ್ತದೆ. "ಕಾಳು ತಿನ್ನೋದು ಖರೆ, ಹುಳಾನೂ ತಿಂತಾವ" ಎಂದು ಸರ್ ಅಪ್ಪನ ಜೊತೆ ವಾದ ಮಾಡುತ್ತಿದ್ದರಲ್ಲ, ಅದು ನೆನಪಾಯಿತು.

ಹೋದ ಶ್ರಾವಣದಲ್ಲಿ ಅವರ ಮಣ್ಣಿಗೆ ಬರಲಾಗಲಿಲ್ಲ. ಆ ಸಂಕಟ ಇನ್ನೂ ಇದೆ. ಪಾಠ ಹೇಳಿದ ಗುರುಗಳು, ಆಮೇಲೆ ಗೆಳೆಯರ ಹಾಗೆ ಇದ್ದರು. 2024ರಲ್ಲಿ ನಮ್ಮ ಗದಗಿನ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ಇಲ್ಲಿಗೇ ಫೋನ್ ಮಾಡಿ ಖುಷಿಪಟ್ಟಿದ್ದರು.

ನೀನೊಂದು ಕೆಲಸ ಮಾಡು. ಸರ್ ಮನೆಗೆ ಹೋಗಿ ಅವರ ಮನೆಯವರಿಗೆ ಈ ಪತ್ರ ಓದಿ ಹೇಳು. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಯಾವತ್ತು ಬಂದವು, ಯಾವತ್ತು ಹೋದವು ಎಂದು ಸರ್ ಬರೆದಿಟ್ಟ ನೋಟ್‌ಬುಕ್‌ಗಳಿವೆ. ಅವು ರದ್ದಿಗೆ ಹೋಗಬಾರದು. ತಮ್ಮನಿಗೆ ಹೇಳಿ ಪ್ರತಿ ಪುಟದ ಫೋಟೋ ತೆಗೆಸು. ಬದುವಿನ ಬೂರುಗದ ಮರ ಕಡಿಸಬೇಡಿ ಎಂದು ಅಪ್ಪನಿಗೂ ಹೇಳು. ಅದು ಹೂ ಬಿಟ್ಟಾಗ ಗುಲಾಬಿ ಕಬ್ಬಕ್ಕಿಗಳು ಮಕರಂದಕ್ಕೆ ಅಲ್ಲಿಗೇ ಬರುತ್ತವೆ.

ಇಂತಿ ನಿನ್ನ ಮಗ