ಶಿರಾ ಜುಮ್ಮಾ ಮಸೀದಿಗೆ ಸಿಮೆಂಟು ಬೇಡ: ಚಿತ್ರದುರ್ಗದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಶಿರಾ ತುಮಕೂರು ಜಿಲ್ಲೆಯ ಊರಾದರೂ ಲೋಕಸಭೆಯ ಲೆಕ್ಕಕ್ಕೆ ಚಿತ್ರದುರ್ಗಕ್ಕೆ ಸೇರಿದ್ದು. ಅಲ್ಲಿನ ಜುಮ್ಮಾ ಮಸೀದಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಹಾಗಾಗಿ ಈ ಪತ್ರ ಶಾಸಕರಿಗಲ್ಲ, ತಮಗೆ.

1687ರಲ್ಲಿ ಔರಂಗಜೇಬನ ಸೇನೆ ಈ ಸೀಮೆಯನ್ನು ಗೆದ್ದ ಮೇಲೆ ಶಿರಾ ಒಂದು ಸುಬಾದ, ಅಂದರೆ ಮೊಘಲ್ ಪ್ರಾಂತ್ಯದ, ರಾಜಧಾನಿಯಾಯಿತು. ಬಸವಾಪಟ್ಟಣದಿಂದ ಕೋಲಾರದವರೆಗೆ ಏಳು ಪರಗಣಗಳ (ಪ್ರಾಂತ್ಯದೊಳಗಿನ ಆಡಳಿತ ವಿಭಾಗಗಳ) ಆಡಳಿತ ನಡೆದದ್ದು ಇಲ್ಲಿಂದ. ಅದರ ಮೊದಲ ಅಧಿಕಾರಿ ಕಾಸಿಂ ಖಾನ್ 1695ರಲ್ಲಿ ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ದೊಡ್ಡೇರಿಯಲ್ಲಿ ಸತ್ತ. ಚಳ್ಳಕೆರೆ ತಾಲ್ಲೂಕಿನ ಆ ಊರೂ ತಮ್ಮ ಕ್ಷೇತ್ರದ್ದೇ. 1696ರಲ್ಲಿ ಈ ಮಸೀದಿ ಎದ್ದಿತು. ದೆಹಲಿಯ ಜಾಮಾ ಮಸೀದಿಯ ಕೆಂಪು ಮರಳುಗಲ್ಲನ್ನೂ ಅಮೃತಶಿಲೆಯನ್ನೂ ಇಲ್ಲಿ ಹುಡುಕಬಾರದು; ಇದು ಚಪ್ಪಟೆಯಾಗಿ ಕೆತ್ತಿ ಕೂಡಿಸಿದ ಕಲ್ಲಿನ ಕಟ್ಟಡ. ಅದೇ ಊರಿನಲ್ಲಿ 1651ರ ಮಲಿಕ್ ರಿಹಾನ್ ದರ್ಗಾ ಇದೆ, ಅದು ಮೊಘಲರಿಗಿಂತ ಮುಂಚಿನ ಬಿಜಾಪುರದ ಸುಲ್ತಾನರ ಕಾಲದ್ದು. ಎರಡನ್ನೂ ಒಟ್ಟಿಗೆ ನೋಡದೆ ಶಿರಾದ ಚರಿತ್ರೆ ತಿಳಿಯುವುದಿಲ್ಲ.

ನಮ್ಮ ಆತಂಕ ಹಣ ಬಾರದಿರುವುದರ ಬಗ್ಗೆ ಅಲ್ಲ, ಹಣ ಬಂದು ತಪ್ಪು ಕೆಲಸ ಆಗುವುದರ ಬಗ್ಗೆ. ಇಂಥ ಕಟ್ಟಡ ಸೋರಿದರೆ ಮೊದಲು ನೆನಪಾಗುವುದು ಸಿಮೆಂಟು. ಸುಣ್ಣದ ಗಾರೆಯ ಗೋಡೆ ಒಳಗಿನ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟು ಬಳಿದರೆ ಆ ದಾರಿ ಮುಚ್ಚಿ ತೇವ ಪಕ್ಕದ ಹಳೆ ಗಾರೆಯ ಕಡೆಗೆ ತಿರುಗುತ್ತದೆ. ಜೊತೆಗೆ ಬಂದ ಉಪ್ಪು ಅಲ್ಲಿ ಹರಳುಗಟ್ಟಿ, ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಗುತ್ತಿಗೆದಾರ ಉದುರಿದ್ದಕ್ಕೂ ಸಿಮೆಂಟೇ ಮೆತ್ತುತ್ತಾನೆ! ಎಣ್ಣೆ ಬಣ್ಣ ಹೊಡೆದರೂ ಇದೇ ಪಾಡು. ಸುಣ್ಣ ಬಳಿದರೆ ಸಾಕು.

ಸರಿಯಾದ ಕೆಲಸ ಹೀಗೆ: ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕೆಲವು ವಾರ ಕೊಳೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿ ಸುಮಾರು ಮೂರು ಪಾಲು ಬೇಕು; ಹಳೆ ಗಾರೆಯ ಚೂರನ್ನು ಪರೀಕ್ಷಿಸಿದ ಮೇಲೆ ಅಳತೆ ಖಚಿತವಾಗಲಿ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸಿ ಗಾಣದಲ್ಲಿ ಅರೆಯಬೇಕು. ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ ಎರಡು ಮೂರು ವಾರ ಆರದಂತೆ ಕಾಯಬೇಕು. ಬೇಸಿಗೆಯಲ್ಲಿ ಮಾಡಿದರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಾರ್ಚ್ ಕೊನೆಯೊಳಗೆ ಬಿಲ್ ಆಗಬೇಕೆಂಬ ಆತುರಕ್ಕೆ ಗಾರೆ ಬಗ್ಗುವುದಿಲ್ಲ, ಟೆಂಡರಿನಲ್ಲೇ ಇದನ್ನು ಬರೆಸಿ.

ಸಂದಿಯಲ್ಲಿ ಅರಳಿ ಗಿಡ ಹುಟ್ಟಿದರೆ ಮೇಲೆ ಕತ್ತರಿಸಿ ಬಿಡುವುದು ವ್ಯರ್ಥ, ಬೇರು ಇನ್ನಷ್ಟು ದಪ್ಪವಾಗಿ ಕಲ್ಲನ್ನು ತಳ್ಳುತ್ತದೆ. ಬೇರು ತೆಗೆದು ಅಥವಾ ಸಾಯಿಸಿ, ಆ ಪೊಳ್ಳಿಗೆ ಸುಣ್ಣದ ನೀರುಗಾರೆ ತುಂಬಿಸಬೇಕು. ಕಲ್ಲು ಬಿಗಿಯಲು ಕಬ್ಬಿಣದ ಪಟ್ಟಿ ಹಾಕಿಸಬೇಡಿ. ತುಕ್ಕು ಉಬ್ಬಿ ಕಲ್ಲನ್ನೇ ಸೀಳುತ್ತದೆ. ತಾಮ್ರ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ದೀಪಾಲಂಕಾರ, ಕೇಬಲ್, ನೀರಿನ ಟ್ಯಾಂಕ್ ಯಾವುದಕ್ಕೂ ಗೋಡೆ ಕೊರೆಯಬಾರದು. ಮಳೆಗಾಲಕ್ಕೆ ಮುಂಚೆ ಛಾವಣಿಯ ನೀರಿನ ದೋಣಿಗಳಿಂದ ಪಾರಿವಾಳದ ಹಿಕ್ಕೆ, ಎಲೆ ತೆಗೆಸುವುದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಸೋರುವ ಛಾವಣಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಸುತ್ತಲಿನ ಮನೆಯವರದು ಬೇರೆ ಸಂಕಟ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಮುಂದಿನ 200 ಮೀಟರಿನಲ್ಲಿ ಅನುಮತಿ ಬೇಕು. ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು, ಆದರೆ ಅದಕ್ಕೆ ಅವಕಾಶವಿದೆ. ಅರ್ಜಿ ಎಲ್ಲಿ ಕೊಡಬೇಕು, ಯಾವ ದಾಖಲೆ ಬೇಕು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ನಗರಸಭೆಯ ಗೋಡೆಗೆ ಅಂಟಿಸಿ. ಸುತ್ತಲಿನ ಕಟ್ಟಡಗಳ ಬಗ್ಗೆ ಈ ಮಸೀದಿಗೆಂದೇ ಉಪನಿಯಮ ಆಗಿಲ್ಲದಿದ್ದರೆ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಏಕೆ ಮಾಡಿಲ್ಲವೆಂದು ಸಂಸ್ಕೃತಿ ಸಚಿವರನ್ನು ಸದನದಲ್ಲೇ ಕೇಳಿ. ಆಗಿದ್ದರೆ ಅದರ ಕನ್ನಡ ಪ್ರತಿಯನ್ನು ಊರಿಗೆ ತಲುಪಿಸಿ.

ಇಂತಿ,
ಹಳೆಯ ಗಾರೆ ಕಟ್ಟಡಗಳ ದುರಸ್ತಿ ಕೆಲಸದವರು