ಗಾರೆ ಗೋಡೆಗೆ ಸಿಮೆಂಟು ಮೆತ್ತಬೇಡಿ

ಮಾನ್ಯ ಸಂಪಾದಕರೇ,

ಯಲಹಂಕ–ಚಿಕ್ಕಬಳ್ಳಾಪುರ ರೈಲು ಮಾರ್ಗದ ದೊಡ್ಡಜಾಲ ನಿಲ್ದಾಣದ ಕಲ್ಲು ಕಟ್ಟಡವನ್ನು ಮದುವೆ ಜೋಡಿಗಳ ಫೋಟೊದಲ್ಲಿ ಬಹಳ ಜನ ನೋಡಿರುತ್ತಾರೆ. ಅದಕ್ಕೆ ‘ಬ್ರಿಟಿಷರ ನಿಲ್ದಾಣ’ ಎಂಬ ಹೆಸರೂ ಅಂಟಿಕೊಂಡಿದೆ. ಸರಿಯಲ್ಲ. ಇದು ಮೈಸೂರು ಸಂಸ್ಥಾನದ ನೆಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1915ರ ಹೊತ್ತಿಗೆ ‘ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ’ ಕಂಪನಿ ಹಾಕಿದ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ (ಕಿರಿದಾದ ಹಳಿ) ಮಾರ್ಗದ ನಿಲ್ದಾಣ.

1990ರ ದಶಕದಲ್ಲಿ ಇಲ್ಲಿ ಬ್ರಾಡ್‌ಗೇಜ್ (ಅಗಲ ಹಳಿ) ಬಂತು, ಹಳೆಯ ಕಟ್ಟಡ ಪಾಳು ಬಿತ್ತು. ಹಳಿ ಅಗಲವಾದರೆ ಕಟ್ಟಡವೇಕೆ ಪಾಳು ಬೀಳಬೇಕು ಎಂದು ಕೇಳಬಹುದು. ಎದುರು ಗಾಡಿಗೆ ದಾರಿ ಬಿಡುವ, ಮುಂದಿನ ಹಳಿಗೆ ಹೋಗಲು ಅನುಮತಿಯಾದ ಟೋಕನ್ನನ್ನು ಚಾಲಕನಿಗೆ ಕೊಡುವ ಕೆಲಸವಿದ್ದರೆ ಸ್ಟೇಷನ್ ಮಾಸ್ಟರ್ ಬೇಕು. ಗಾಡಿ ಸುಮ್ಮನೆ ನಿಂತು ಹೋಗುವ ಬರೀ ಹಾಲ್ಟ್ ಆದರೆ ಟಿಕೆಟ್ ಮಾರಲು ಕಮಿಷನ್ ಏಜೆಂಟ್ ಸಾಕು. ಬೀಗ ಬಿದ್ದ ಮೇಲೆ ಜಾರಿದ ಒಂದು ಹಂಚನ್ನು ಸರಿಪಡಿಸುವವರೂ ಇರುವುದಿಲ್ಲ. ಆ ಸಂದಿನಿಂದ ಇಳಿದ ನೀರು ಮೊದಲು ಕೊಳೆಸುವುದು ಗೋಡೆಯೊಳಗೆ ಕೂತ ತೊಲೆಯ ತುದಿಯನ್ನು. ಆಮೇಲೆ ಗೆದ್ದಲು.

ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟಾಕ್ ಕೈಹಾಕಿದ್ದು ಒಳ್ಳೆಯದೇ. ನಮ್ಮ ಚಿಂತೆ ಮುಂದಿನ ರಿಪೇರಿಗಳದ್ದು. ಬಿರುಕು ಕಂಡ ಕೂಡಲೇ ಸಿಮೆಂಟು ಮೆತ್ತುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಹೀರಿ, ಸಂದುಗಳಿಂದ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಿದ್ದರೆ ತೇವ ಒಳಗೇ ಉಳಿದು ಹಳೆಯ ಗಾರೆ ಪುಡಿಯಾಗುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಅದೇ ಅಪಾಯ.

ಮಾಡಬೇಕಾದ್ದು ಹೀಗೆ: ಸಡಿಲವಾದ ಗಾರೆಯನ್ನು ಉಳಿಯಿಂದ ಸುಮಾರು ಒಂದು ಅಂಗುಲ ಆಳಕ್ಕೆ ಕೆರೆದು, ದೂಳು ತೊಳೆದು, ಸಂದನ್ನು ನೆನೆಸಬೇಕು. ಸುಟ್ಟ ಸುಣ್ಣವನ್ನು ನೀರು ಹಾಕಿ ಅರಳಿಸಿ ಕನಿಷ್ಠ ಎರಡು ವಾರ ನೀರಿನಡಿ ಇಟ್ಟಿರಬೇಕು. ಅರಳದ ಹರಳು ಉಳಿದರೆ ಗೋಡೆಯಲ್ಲಿ ಉಬ್ಬಿ ಸಿಡಿಯುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲಿನಷ್ಟು ಮರಳು. ತೇವ ಹೆಚ್ಚಿರುವ ಕಡೆ ಮರಳಿನ ಒಂದು ಭಾಗದ ಬದಲು ಇಟ್ಟಿಗೆ ಪುಡಿ. ತುಂಬಿದ ಮೇಲೆ ಒಂದು ವಾರ ಒದ್ದೆ ಗೋಣಿ ಹೊದಿಸಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಕೈ ತಾಗಿದರೆ ಉದುರುತ್ತದೆ.

ಮಂಗಳೂರು ಹಂಚಿನದೂ ಒಂದು ತಕರಾರು. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ತುಸು ಬೇರೆ, ಹಾಗಾಗಿ ಹಳೆಯದರ ನಡುವೆ ಹೊಸ ಹಂಚು ಸಿಕ್ಕಿಸಿದರೆ ಕಚ್ಚು ಕೂರದೆ ಸೋರುತ್ತದೆ. ಉಳಿದ ಹಳೆಯ ಹಂಚನ್ನೆಲ್ಲ ಒಂದೇ ಇಳಿಜಾರಿಗೆ ಹೊದಿಸಿ, ಇನ್ನೊಂದಕ್ಕೆ ಹೊಸದು ಹಾಕಿ, ಹಂಚಿನ ಅಳತೆಗೇ ರೀಪರ್ (ಹಂಚು ಕೂರುವ ಮರದ ಪಟ್ಟಿ) ಹೊಡೆಯಬೇಕು. ಗೋಡೆಯ ಅರಳಿ ಸಸಿಯನ್ನು ಬುಡಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಎರಡು ಕಲ್ಲು ಬಿಚ್ಚಿಯಾದರೂ ಬೇರು ತೆಗೆಯಲೇಬೇಕು.

ರೈಲ್ವೆಯವರು ಈ ಕಟ್ಟಡಗಳ ರಿಪೇರಿ ಟೆಂಡರಿನಲ್ಲಿ ಸುಣ್ಣದ ಗಾರೆಯನ್ನು ಪ್ರತ್ಯೇಕ ಬಾಬ್ತಾಗಿ ನಮೂದಿಸಲಿ, ಪ್ರತಿ ಮೇ ತಿಂಗಳಲ್ಲಿ ಹಂಚು ಸರಿಪಡಿಸಲು ಒಬ್ಬ ಬಡಗಿಯನ್ನು ಕಳುಹಿಸಲಿ.

– ಓದುಗರು, ದೇವನಹಳ್ಳಿ